ಅಳಿಯನ ಹೆಸರಿನ ಗ್ರೈಂಡರ್

ನಾನು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ವ್ಯವಹಾರ ಕಾನೂನು ಹೇಳಿಕೊಡುವವಳು. ಎಷ್ಟೋ ವರ್ಷಗಳಿಂದ ಅದನ್ನೇ ಹೇಳಿಕೊಡುತ್ತಿದ್ದರೂ ಮದುವೆಮನೆಗಳಲ್ಲಿ ಸಿಕ್ಕವರು ನನ್ನನ್ನು ‘ಅಕೌಂಟ್ಸ್ ಮೇಡಂ’ ಎಂದೇ ಪರಿಚಯ ಮಾಡಿಸುತ್ತಾರೆ. ಕಾಮರ್ಸ್ ಎಂದರೆ ಕೂಡುವುದು, ಕಳೆಯುವುದು, ಅಷ್ಟೇ ಎಂದು ಊರಿನ ನಂಬಿಕೆ. ಮೊದಮೊದಲು ತಿದ್ದುತ್ತಿದ್ದೆ. ಈಗ ‘ಹೂಂ’ ಎಂದು ಹೇಳಿ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತೇನೆ.

ನಮ್ಮ ಪಠ್ಯಪುಸ್ತಕದಲ್ಲಿ ಎ, ಬಿ, ಸಿ ಎಂಬ ಮೂವರಿದ್ದಾರೆ. ಅವರಷ್ಟು ಜಗಳಗಂಟರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಎ ಎಂಬುವನು ಬಿಗೆ ಕುದುರೆ ಮಾರುತ್ತಾನೆ, ಕುದುರೆ ಆಗಲೇ ಸತ್ತಿರುತ್ತದೆ. ಬಿ ಹಡಗಿನಲ್ಲಿ ಸರಕು ಕಳಿಸುತ್ತಾನೆ, ಹಡಗು ಮುಳುಗುತ್ತದೆ. ಹಡಗನ್ನೇ ಕಾಣದ ಮೈಸೂರಿನ ಮಕ್ಕಳಿಗೆ ಅದು ಮುಳುಗಿದರೇನು, ತೇಲಿದರೇನು? ಹಾಗಾಗಿ ನಾನು ಈ ಮೂವರನ್ನೂ ಹಿಡಿದು ನಮ್ಮೂರಿಗೆ ಕರೆತಂದೆ. ನನ್ನ ತರಗತಿಯಲ್ಲಿ ಎ ಛತ್ರಕ್ಕೆ ಮುಂಗಡ ಕೊಡುತ್ತಾನೆ, ಮದುವೆ ಮುರಿದುಬೀಳುತ್ತದೆ. ಮುಂಗಡ ವಾಪಸು ಬರುತ್ತದೆಯೇ? ಬಿ ತನ್ನ ಸ್ಕೂಟರನ್ನು ಅಗ್ರಹಾರದಲ್ಲಿ ರಿಪೇರಿಗೆ ಬಿಡುತ್ತಾನೆ, ಮೆಕ್ಯಾನಿಕ್ ಅದನ್ನೇರಿ ಮಾವನ ಮನೆಗೆ ಹೋಗಿ ಹಬ್ಬ ಮುಗಿಸಿಕೊಂಡು ಬರುತ್ತಾನೆ, ಪೆಟ್ರೋಲ್ ಯಾರದು? ಮಕ್ಕಳು ನಗುತ್ತಾರೆ, ನಕ್ಕಮೇಲೆ ಯೋಚಿಸುತ್ತಾರೆ. ಒಮ್ಮೆ ಒಬ್ಬ ಹುಡುಗ ನಿಕ್ಷೇಪಕ್ಕೆ, ಅಂದರೆ ನಮ್ಮ ವಸ್ತುವನ್ನು ನಂಬಿ ಇನ್ನೊಬ್ಬರ ಕೈಗೆ ಕೊಡುವುದಕ್ಕೆ, ಹೀಗೆ ಉದಾಹರಣೆ ಬರೆದಿದ್ದ: ‘ನಮ್ಮಮ್ಮ ಪಕ್ಕದ ಮನೆಯವರಿಗೆ ಕುಕ್ಕರ್ ಕೊಟ್ಟಿದ್ದಾರೆ. ಅದು ನಿಕ್ಷೇಪ. ವಾಪಸು ಕೇಳಿದರೆ ಅದು ಜಗಳ.’ ಪೂರ್ತಿ ಅಂಕ ಕೊಟ್ಟೆ.

ದಿವಾಳಿತನದ ಪಾಠ ಸೆಮಿಸ್ಟರಿನ ಕೊನೆಗೆ ಬರುತ್ತದೆ. ಪುಸ್ತಕದಲ್ಲಿ ಏನೇ ಹೆಸರಿರಲಿ, ನಮ್ಮ ಕಡೆ ಅದಕ್ಕೆ ‘ಪಾಪರ್ ಚೀಟಿ’ ಎನ್ನುತ್ತಾರೆ. ಒಬ್ಬ ಮನುಷ್ಯನಿಗೆ ಯಾರ ಸಾಲವನ್ನೂ ತೀರಿಸುವ ಶಕ್ತಿ ಇಲ್ಲವಾದಾಗ ಅವನು ಕೋರ್ಟಿಗೆ ಹೋಗಿ ‘ನನ್ನಿಂದ ಆಗದು’ ಎಂದು ಅರ್ಜಿ ಕೊಡುತ್ತಾನೆ. ಕೋರ್ಟು ಅವನ ಸ್ವತ್ತನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡು, ಮಾರಿ, ಸಾಲ ಕೊಟ್ಟವರಿಗೆ ಹಂಚುತ್ತದೆ. ಹಾಗೆಂದು ಅವನನ್ನು ಬರಿಮೈಯಲ್ಲಿ ಬೀದಿಗೆ ನಿಲ್ಲಿಸುವುದಿಲ್ಲ. ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಹೆಂಡತಿಯ ಕೊರಳಿನ ತಾಳಿ, ಇವನ್ನು ಮುಟ್ಟುವಂತಿಲ್ಲ. ಈ ಕೊನೆಯ ಮಾತನ್ನು ಪ್ರತಿವರ್ಷವೂ ಸ್ವಲ್ಪ ದನಿ ಏರಿಸಿ ಹೇಳುವುದು ನನಗೆ ಅಭ್ಯಾಸ. ‘ನೋಡ್ರೋ, ಈ ಕಾನೂನು ಬರೆದ ಬ್ರಿಟಿಷರೂ ನಮ್ಮ ತಾಳಿಗೆ ಹೆದರಿದ್ರು ಕಣ್ರೋ’ ಎಂದರೆ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.

ಹೋದ ವರ್ಷ ಅದೇ ಮಾತು ಹೇಳಿ ಮುಗಿಸಿದಾಗ ಕಿಟಕಿ ಪಕ್ಕದ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ರಾಜೀವನಗರದಿಂದ ಎರಡು ಬಸ್ ಹಿಡಿದು ಬರುತ್ತಿದ್ದ ಹುಡುಗಿ. ಅದುವರೆಗೆ ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

‘ಮ್ಯಾಮ್, ಎ ಅನ್ನೋರ ಮನೇಲಿ ಅವರ ಹೆಂಡತೀದು ಒಂದು ಗ್ರೈಂಡರ್ ಇದ್ರೆ, ಅದನ್ನೂ ತಗೊಂಡು ಹೋಗ್ತಾರಾ?’

ತರಗತಿ ಗೊಳ್ಳೆಂದಿತು. ಯಾವನೋ ಹಿಂದಿನಿಂದ ‘ದೋಸೆಗೆ ಏನ್ಮಾಡೋದು ಮ್ಯಾಮ್’ ಎಂದ. ನಾನೂ ನಗಬೇಕಿತ್ತು, ಆದರೆ ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು. ‘ಕ್ಲಾಸ್ ಆದ್ಮೇಲೆ ಬಾಮ್ಮ’ ಎಂದೆ.

ಕಾರಿಡಾರಿನಲ್ಲಿ ಅವಳು ಸುತ್ತಿಬಳಸಲಿಲ್ಲ. ‘ಮ್ಯಾಮ್, ಎ ನಮ್ಮಪ್ಪ’ ಎಂದಳು.

ವರ್ಷಗಟ್ಟಲೆ ಈ ಎ ಎಂಬುವನನ್ನು ಎಷ್ಟು ಸಲ ದಿವಾಳಿ ಎಬ್ಬಿಸಿದ್ದೆನೋ! ಅವನಿಗೊಬ್ಬ ಮಗಳಿರಬಹುದು, ಅವಳು ನನ್ನೆದುರಿಗೇ ಕುಳಿತಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಅವಳಿಗೂ ಬಗ್ಗಿಸಿದೆ.

ಅವಳ ಅಪ್ಪ ನಂಜನಗೂಡು ಕಡೆಯ ಹಳ್ಳಿಯಿಂದ ಬಂದು ರಾಜೀವನಗರದಲ್ಲಿ ಶಾಮಿಯಾನ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟವರು. ಮದುವೆಗಳೆಲ್ಲ ಕಲ್ಯಾಣಮಂಟಪಗಳಿಗೆ ಹೋಗಿ, ಮಂಟಪದವರೇ ಪಾತ್ರೆ, ಕುರ್ಚಿ, ಅಡುಗೆಯವರು ಎಲ್ಲವನ್ನೂ ಒದಗಿಸತೊಡಗಿದ ಮೇಲೆ ಇವರ ಹಂಡೆಗಳನ್ನು ಕೇಳುವವರಿಲ್ಲವಾಯಿತು. ಆಗ ಒಬ್ಬ ಪಾಲುದಾರನ ಜೊತೆ ಸೇರಿ ಸ್ಟೇಜ್ ಅಲಂಕಾರದ ಸಾಮಾನಿಗೆ ಸಾಲ ಎತ್ತಿದರು. ಪಾಲುದಾರ ಕೈಕೊಟ್ಟು ಊರು ಬಿಟ್ಟ. ಪಾಲುದಾರಿಕೆಯಲ್ಲಿ ಒಬ್ಬ ಓಡಿಹೋದರೆ ಉಳಿದವನೇ ಪೂರ್ತಿ ಹೊರಬೇಕು. ಅವಳಿಗೆ ನಾನೇ ಹಿಂದಿನ ಸೆಮಿಸ್ಟರಿನಲ್ಲಿ ಅದನ್ನು ಕಲಿಸಿದ್ದೆ. ಅಪ್ಪ ವಕೀಲರನ್ನು ಹಿಡಿದು ಅರ್ಜಿ ಹಾಕಿದ್ದರು. ಕೋರ್ಟಿನ ಅಮೀನರು, ಎಂದರೆ ಜಪ್ತಿಗೆ ಬರುವ ನೌಕರರು, ಅಂಗಡಿಯನ್ನು ಆಗಲೇ ಖಾಲಿ ಮಾಡಿಕೊಂಡು ಹೋಗಿದ್ದರು.

‘ಅದ್ರಲ್ಲಿ ಅಮ್ಮನ ಮದುವೆ ಹಂಡೆ, ಕೊಳಗ ಎಲ್ಲ ಇತ್ತು ಮ್ಯಾಮ್. ಅಜ್ಜಿ ಕೊಟ್ಟಿದ್ದು. ಅದು ಅಮ್ಮಂದು ಅಲ್ವಾ?’

ಅದು ಅಮ್ಮನದೇ. ಹೆಣ್ಣಿಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು ಅವಳ ಸ್ವಂತದ್ದು, ಸ್ತ್ರೀಧನ. ಗಂಡನಿಗೆ ಸಾಲ ಕೊಟ್ಟವರಿಗೆ ಅದರ ಮೇಲೆ ಹಕ್ಕಿಲ್ಲ. ಆದರೆ ಅವಳೇ ಅದನ್ನು ಗಂಡನ ಅಂಗಡಿಗೆ ಕೊಟ್ಟು, ಅವನು ಅದನ್ನು ತನ್ನದೆಂಬಂತೆ ಬಾಡಿಗೆಗೆ ಬಿಟ್ಟು, ಊರವರೆಲ್ಲ ಅವನದೇ ಎಂದು ನಂಬಿ ಅದನ್ನು ನೋಡಿಯೇ ಸಾಲ ಕೊಟ್ಟಿದ್ದರೆ, ಆಗ ಕಾನೂನು ‘ಅವನದೇ’ ಎಂದುಬಿಡುತ್ತದೆ. ಇದನ್ನು ಆ ಹುಡುಗಿಗೆ ಹೇಳುವಾಗ ನನ್ನ ಮೇಲೇ ನನಗೆ ಸಿಟ್ಟು ಬಂತು. ತಪ್ಪಿಲ್ಲದ ಉತ್ತರ, ಆದರೆ ಅವಳಿಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ.

‘ಗ್ರೈಂಡರ್ ಅಂಗಡೀಲಿ ಇರ್ಲಿಲ್ಲ ಮ್ಯಾಮ್, ಮನೇಲಿದೆ. ಅಮ್ಮಂಗೆ ಅಜ್ಜ ಕೊಟ್ಟಿದ್ದು. ಅಮ್ಮ ಅದ್ರಲ್ಲಿ ದೋಸೆಹಿಟ್ಟು ರುಬ್ಬಿ ನಮ್ಮ ಬೀದಿಯೋರಿಗೆಲ್ಲ ಮಾರ್ತಾರೆ. ಈಗ ನಾವು ಊಟ ಮಾಡ್ತಿರೋದೇ ಅದ್ರಿಂದ. ಮುಂದಿನ ವಾರ ಮನೆಗೆ ಬರ್ತಾರಂತೆ.’

‘ಮನೇಲೇ ಇದೆ, ನಿಮ್ಮಮ್ಮನೇ ಬಳಸ್ತಾರೆ, ತವರಿನೋರು ಕೊಟ್ಟಿದ್ದು. ಹಾಗಂತ ಅವರು ಒಂದು ಮಾತು ಹೇಳಿದ್ರೆ ಆಯ್ತಲ್ಲಮ್ಮ. ಏನು ತೊಂದ್ರೆ?’

‘ಅದ್ರ ಮೇಲೆ ಅಪ್ಪನ ಹೆಸರು ಕೆತ್ತಿದೆ ಮ್ಯಾಮ್.’

ಅಯ್ಯೋ, ನಮ್ಮ ಜನವೇ! ಸ್ಟೀಲು ಕಂಡರೆ ಸಾಕು, ಹೆಸರು ಕೆತ್ತಿಸದೆ ನಮಗೆ ನಿದ್ದೆ ಬರುವುದಿಲ್ಲ. ಚಮಚಕ್ಕೂ ಬಿಡುವುದಿಲ್ಲ. ಪಾತ್ರೆ ಅಂಗಡಿಯವನು ಗರ್ರೆನ್ನುವ ಸೂಜಿ ಹಿಡಿದು ‘ಏನ್ ಬರೀಲಿ ಸಾರ್’ ಎಂದಾಗ ಹೆಣ್ಣಿನ ಅಪ್ಪ ಏನು ಬರೆಸುತ್ತಾನೆ? ಕೊಡುವುದು ಮಗಳ ಅಡುಗೆಮನೆಗೆ, ಬರೆಸುವುದು ಅಳಿಯನ ಹೆಸರು. ಮರ್ಯಾದೆ ನೋಡಿ! ‘ಪ್ರೀತಿಯ ಅಳಿಯಂದಿರಿಗೆ’ ಎಂದು ಮೇಲೆ, ಅದರ ಕೆಳಗೆ ಅಳಿಯನ ಪೂರ್ತಿ ಹೆಸರು, ಅದರ ಕೆಳಗೆ ಮಾವನ ಹೆಸರು ಮತ್ತು ಊರು. ರುಬ್ಬುವವಳ ಹೆಸರಿಗೆ ಜಾಗವೇ ಇಲ್ಲ. ನಮ್ಮ ಮನೆಯ ಇಡ್ಲಿ ಪಾತ್ರೆಯ ಮೇಲೂ ನನ್ನ ಗಂಡನ ಹೆಸರೇ ಇರುವುದು. ಆ ಮಹಾನುಭಾವರಿಗೆ ಅದರ ಮುಚ್ಚಳ ಯಾವ ಕಡೆ ತೆಗೆಯಬೇಕೆಂದು ಇವತ್ತಿಗೂ ಗೊತ್ತಿಲ್ಲ.

‘ಹೆಸರು ಒಂದು ಸಾಕ್ಷಿ ಅಷ್ಟೇ ಕಣಮ್ಮ’ ಎಂದೆ. ‘ಯಾರಿಗೋಸ್ಕರ ಕೊಟ್ರು ಅನ್ನೋದು ಮುಖ್ಯ. ನಿಮ್ಮಜ್ಜ ಇದ್ದಾರಾ?’

‘ಇಲ್ಲ ಮ್ಯಾಮ್. ತೀರ್ಕೊಂಡ್ರು. ವಕೀಲರೂ ಇದನ್ನೇ ಹೇಳಿದ್ರು, ನಿಮ್ಮಮ್ಮನೇ ಅಮೀನರ ಮುಂದೆ ನಂದು ಅಂತ ಹೇಳ್ಬೇಕು ಅಂತ. ಅಮ್ಮ ಹೇಳಲ್ಲ ಅಂತಾರೆ. ಅಪ್ಪ ಮಾತೇ ಆಡ್ತಿಲ್ಲ.’ ಆಮೇಲೆ ಲೋಟ ಕೆಳಗಿಟ್ಟು, ‘ನೀವೊಂದ್ಸಲ ಬಂದು ಹೇಳ್ತೀರಾ ಮ್ಯಾಮ್? ನೀವು ಹೇಳಿದ್ರೆ ಕೇಳ್ಬೋದು’ ಎಂದಳು.

ಅಡುಗೆ ಪಾತ್ರೆ ಎಂದು ಹೇಳಿ ಉಳಿಸಿಕೊಳ್ಳಲಾಗದೇ ಎಂದೂ ಕೇಳಿದಳು, ಬುದ್ಧಿವಂತೆ. ಬೀದಿಗೆಲ್ಲ ಮಾರುವ ಹಿಟ್ಟನ್ನು ರುಬ್ಬುವ ಯಂತ್ರವನ್ನು ಅಡುಗೆ ಪಾತ್ರೆ ಎಂದರೆ ಸಾಲ ಕೊಟ್ಟವರ ಕಡೆಯ ವಕೀಲ ಸುಮ್ಮನಿರುತ್ತಾನೆಯೇ? ಅದನ್ನು ನೆಚ್ಚಿಕೊಳ್ಳಬೇಡ ಎಂದೆ.

ಅವತ್ತು ಮನೆಗೆ ಹೋಗಿ ನನ್ನ ಗಂಡನನ್ನು ಪರೀಕ್ಷೆ ಮಾಡಿದೆ. ‘ನಮ್ಮನೆ ಗ್ರೈಂಡರ್ ಯಾರದು ಹೇಳಿ?’ ಅವರು ಪೇಪರಿನಿಂದ ತಲೆಯೆತ್ತಲಿಲ್ಲ. ‘ಕೆಟ್ಟುಹೋದಾಗ ನಂದು, ಮಿಕ್ಕ ದಿನ ನಿಂದು’ ಎಂದರು. ನಗು ಬಂತು. ಆದರೆ ಯೋಚಿಸಿದಾಗ, ಅಗ್ರಹಾರದ ನಮ್ಮ ಹಳೆಯ ಮನೆಯಲ್ಲಿ ನನ್ನ ತಾಯಿ ಯಾವತ್ತೂ, ಯಾವ ವಸ್ತುವಿಗೂ ‘ನಂದು’ ಎಂದದ್ದು ನನಗೆ ನೆನಪಾಗಲಿಲ್ಲ. ಎಲ್ಲವೂ ‘ನಮ್ಮನೇದು’. ಅವರ ಕೈಬಳೆ ಕೂಡ ‘ನಮ್ಮನೇ ಬಳೆ’. ಸ್ವತ್ತಿನ ಪಾಠ ಮಾಡುವ ನಾನು ಅದನ್ನು ಅಂದಿನವರೆಗೆ ಗಮನಿಸಿಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಚಾಮರಾಜಪುರಂನಿಂದ ಆಟೋ ಹಿಡಿದು ರಾಜೀವನಗರಕ್ಕೆ ಹೋದೆ. ಚಿಕ್ಕ ಮನೆ, ಬಾಡಿಗೆಯದು. ಹಾಲಿನ ಮೂಲೆಯಲ್ಲೇ ಆ ಗ್ರೈಂಡರ್ ಇತ್ತು. ಹಳೆಯ ಕಾಲದ್ದು, ದೊಡ್ಡದು, ಪಕ್ಕಕ್ಕೆ ಬಗ್ಗಿಸಿ ಹಿಟ್ಟು ತೆಗೆಯುವಂಥದ್ದು. ಉದ್ದು ನುಣ್ಣಗಾಗುತ್ತಿದ್ದ ಸದ್ದಿನಲ್ಲಿ ನನ್ನ ನಮಸ್ಕಾರವೇ ಕೇಳಿಸಲಿಲ್ಲ. ಅಪ್ಪ ಎತ್ತರದ, ಒಣಕಲು ಮನುಷ್ಯ. ಎದ್ದು ಕೈಮುಗಿದು, ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟು, ಹೊರಗೆ ಹೋಗಿ ಕಾಂಪೌಂಡಿನ ಪಕ್ಕ ನಿಂತುಬಿಟ್ಟರು. ಅಮ್ಮ ಸ್ವಿಚ್ ಆರಿಸಿ, ಕೈತೊಳೆದು ಬಂದು, ನಾನು ಬಾಯಿ ತೆರೆಯುವ ಮೊದಲೇ ತಟ್ಟೆಯಲ್ಲಿ ದೋಸೆ ಇಟ್ಟರು. ದೋಸೆ ಅಂದರೆ ದೋಸೆ! ಅದನ್ನು ತಿಂದಮೇಲೆ ಆ ಯಂತ್ರವನ್ನು ಉಳಿಸಲೇಬೇಕು ಎಂದು ನನಗೆ ಇನ್ನೂ ಹಟ ಬಂತು.

ನಾನು ಪಾಠ ಶುರುಮಾಡಿದೆ. ಸ್ತ್ರೀಧನ ಎಂದರೇನು, ಹೆಸರು ಕೆತ್ತಿಸಿದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಇದರಲ್ಲಿ ಮೋಸ ಏನೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೇ. ಅವರು ತಲೆಯಾಡಿಸುತ್ತಾ ಎಲ್ಲ ಕೇಳಿದರು. ಇನ್ನೇನು ಒಪ್ಪಿದರು ಎಂದುಕೊಂಡೆ.

‘ನೀವು ಏಳದು ಅರ್ತ ಆಯ್ತದೆ ಮೇಡಂ’ ಎಂದರು. ‘ಓದಿರೋರು, ಸುಳ್ಳು ಏಳಕಿಲ್ಲ. ಆದ್ರೆ ಅವ್ರು ಎಲ್ಲಾನೂ ಕಳ್ಕೊಂಡು ಕುಂತವ್ರೆ. ಇಂತಾ ಒತ್ನಲ್ಲಿ ನಾನು ಎದುರಿಗೆ ನಿಂತ್ಕೊಂಡು ಇದು ನಂದು, ಅದು ನಿಮ್ದು ಅಂತ ಪಾಲು ಮಾಡದಾ? ಪರದೇಸಿ ಮಾಡ್ದಂಗೆ ಆಗಕಿಲ್ವಾ ಅವ್ರ್ನ?’

‘ಪಾಲು ಅಲ್ಲ ಕಣಮ್ಮ! ಅದು ಹೋದ್ರೆ ನಾಳೆ ಮೂರು ಜನ ಏನು ತಿಂತೀರಾ? ಇವಳ ಕೊನೇ ವರ್ಷದ ಫೀಸು?’

‘ನಮ್ಮಪ್ಪನೇ ಅವ್ರೆಸ್ರು ಆಕಿಸ್ಬುಟ್ಟು ಓದ. ನಮ್ಮಪ್ಪನ ಮಾತ ನಾನು ಎಂಗೆ ಅಳ್ಸಾಕ್ಲಿ?’

‘ನಿಮ್ಮಪ್ಪ ನಿಮ್ಮ ಕೈ ನೋಯಬಾರದು ಅಂತ ತಾನೆ ಕೊಟ್ಟಿದ್ದು?’

ಅವರು ಒಳಗೆ ಹೋಗಿ ಬಿಸಿ ದೋಸೆ ತಂದರು. ‘ಇನ್ನೊಂದು ದ್ವಾಸೆ ಆಕುಸ್ಕಳಿ’ ಎಂದರು. ನನಗೆ ಕೆಂಡದಂಥ ಕೋಪ. ಇಷ್ಟು ಒಳ್ಳೆಯ ಹೆಂಗಸು, ಇಷ್ಟು ಮೊಂಡು! ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಆ ಗಂಡನ ಕಡೆಗೂ ತಿರುಗಿ, ‘ನೀವಾದ್ರೂ ಬುದ್ಧಿ ಹೇಳಿ ಸ್ವಾಮಿ, ಬಾಯಿ ಇಲ್ವಾ ನಿಮಗೆ?’ ಎಂದುಬಿಟ್ಟೆ. ಅವರು ತಲೆ ತಗ್ಗಿಸಿದರು. ಆಟೋದಲ್ಲಿ ಕೂತ ಮೇಲೆ ಹಾಗೆ ಅನ್ನಬಾರದಿತ್ತು ಎನಿಸಿತು, ಆದರೆ ಅಂದಾಗಿತ್ತು.

ಅಮೀನರು ಬರುವ ದಿನ ಬೆಳಿಗ್ಗೆ ಹುಡುಗಿ ಫೋನ್ ಮಾಡಿದಳು. ‘ಬನ್ನಿ’ ಎನ್ನಲಿಲ್ಲ. ‘ಹನ್ನೊಂದು ಗಂಟೆಗೆ ಬರ್ತಾರಂತೆ ಮ್ಯಾಮ್’ ಎಂದಷ್ಟೇ ಹೇಳಿ ಫೋನ್ ಇಟ್ಟಳು. ನಾನು ಕಾಲೇಜಿಗೆ ಅರ್ಧ ದಿನದ ರಜೆ ಹಾಕಿ ಹೊರಟೆ.

ಅಮೀನರು ಕನ್ನಡಕ ಹಾಕಿದ, ನಿವೃತ್ತಿಯ ಹತ್ತಿರದ ಮನುಷ್ಯ, ಜೊತೆಗೊಬ್ಬ ಸಹಾಯಕ. ರಾಕ್ಷಸರಂತಿರುತ್ತಾರೆ ಎಂದು ನಾನೇಕೆ ಅಂದುಕೊಂಡಿದ್ದೆನೋ. ಅವರು ಚಪ್ಪಲಿಯನ್ನು ಹೊರಗೇ ಬಿಟ್ಟು, ‘ಏನೂ ಬೇಜಾರ್ ಮಾಡ್ಕೋಬೇಡಿ ಯಜಮಾನ್ರೆ, ನಮ್ಮ ಕೆಲಸ ಇದು’ ಎಂದುಕೊಂಡೇ ಒಳಗೆ ಬಂದರು. ನೀರು ಕೇಳಿ ಕುಡಿದರು. ಟಿವಿ ಬರೆದುಕೊಂಡರು. ಬೀರು ಬರೆದುಕೊಂಡರು. ಹಾಸಿಗೆ, ಅಡುಗೆಮನೆಯ ಪಾತ್ರೆ ನೋಡಿ ‘ಇವೆಲ್ಲ ಇರ್ಲಿ’ ಎಂದರು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಅಮ್ಮ ಅಡುಗೆಮನೆಯೊಳಗೆ ಬೆನ್ನು ತಿರುಗಿಸಿ ನಿಂತು, ಆಗಲೇ ತೊಳೆದಿದ್ದ ಅಕ್ಕಿಯನ್ನು ಮತ್ತೆ ತೊಳೆಯುತ್ತಿದ್ದರು.

ಅಮೀನರು ಗ್ರೈಂಡರ್ ಮುಂದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಓದಿದರು. ‘ಪ್ರೀತಿಯ ಅಳಿಯಂದಿರಿಗೆ…’ ಆಮೇಲೆ ಹೆಸರನ್ನೂ ಗಟ್ಟಿಯಾಗಿಯೇ ಓದಿ, ‘ಅಂದ್ರೆ ನಿಮ್ದೇ ಆಯ್ತಲ್ಲ ಯಜಮಾನ್ರೆ?’ ಎಂದರು.

ನನಗೋ ನಾಲಿಗೆಯ ತುದಿಯಲ್ಲಿ ಇಡೀ ಅಧ್ಯಾಯವೇ ಕುಣಿಯುತ್ತಿತ್ತು, ಆದರೆ ನಾನು ಯಾರು ಹೇಳಲು? ಹುಡುಗಿ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

‘ಅಲ್ಲ ಸ್ವಾಮಿ’ ಎಂದರು ಅಪ್ಪ.

ಅವರ ದನಿಯನ್ನು ನಾನು ಕೇಳಿದ್ದೇ ಆಗ. ‘ಎಸ್ರು ನಂದು, ವಸ್ತು ಅವ್ಳುದು. ನಮ್ಮಾವ ಇದ್ನ ಮನೆ ಮುಂದೆ ಇಳಿಸ್ದಾಗ ನನ್ನ ಪಕ್ಕಕ್ ಕರ್ದು ಏಳುದ್ರು, ಮಗಳು ರಟ್ಟೆ ನೋಯಿಸ್ಕಂಡು ಒರಳಲ್ಲಿ ರುಬ್ಬಬಾರ್ದು ಅಂತ ತಂದಿವ್ನಿ, ನಿಮ್ಮೆಸ್ರು ಮರ್ವಾದೆಗೆ ಅಂತ. ಇಷ್ಟು ವರ್ಸ ಇವ್ಳಿಗೆ ಅದ್ನ ನಾನು ಏಳ್ಲೇ ಇಲ್ಲ. ಎಸ್ರು ನೋಡ್ಕಂಡು ಜಂಬ ಪಟ್ಕಂಡಿದ್ದೆ.’ ಅಮೀನರ ಪೆನ್ನಿನ ಕಡೆ ಕೈ ತೋರಿಸಿ, ‘ಈ ಮನೇಲಿ ನಂದು ಅಂತ ಇರದು ಸಾಲ ಒಂದೇ ಸ್ವಾಮಿ. ಅದ್ನ ಬರ್ಕಳಿ’ ಎಂದರು.

ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವ ಸದ್ದು ನಿಂತಿತ್ತು.

ಅಮೀನರು ಪೆನ್ನು ಕೈಯಲ್ಲಿ ಹಿಡಿದುಕೊಂಡು, ಮೆತ್ತಗೆ, ‘ಅವರು ಹೇಳಿದ್ದು ಸರಿ ತಾಯಿ, ಆದ್ರೆ ನೀವೂ ಒಂದು ಮಾತು ಹೇಳ್ಬೇಕು. ಇದು ಯಾರ್ದು?’ ಎಂದು ಕೇಳಿದರು.

ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದರು. ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು. ಎಂಥ ನೋಟ ಅದು! ಅದರಲ್ಲಿ ಬೈಗುಳವೂ ಇತ್ತು, ಅಕ್ಕರೆಯೂ ಇತ್ತು.

‘ಗ್ರೈಂಡರ್ ನಂದು. ಬರ್ಕಳಿ’ ಎಂದರು.

ಹುಡುಗಿಯ ಕೈ ನನ್ನ ಸೆರಗನ್ನು ಬಿಟ್ಟಿತು. ನಾನು ಒಳಗೊಳಗೇ ‘ಅಬ್ಬ, ಗೆದ್ದೆವು’ ಎಂದುಕೊಂಡೆ. ಅಮೀನರು ಬರೆಯತೊಡಗಿದರು.

‘ಸಾಲಾನೂ ನಂದು. ಅದ್ನೂ ಬರ್ಕಳಿ.’

‘ಅಯ್ಯಯ್ಯೋ, ಹಂಗೆಲ್ಲ ಅನ್ಬೇಡಿ ಕಣಮ್ಮ!’ ಎಂದು ನಾನು ಕಿರುಚಿಯೇಬಿಟ್ಟೆ. ಗಂಡ ತನ್ನ ವ್ಯಾಪಾರಕ್ಕೆ ಮಾಡಿದ ಸಾಲಕ್ಕೆ, ಸಹಿ ಹಾಕದ ಹೆಂಡತಿ ಹೊಣೆಯಲ್ಲ. ನಾನು ಎಷ್ಟು ಮಕ್ಕಳಿಗೆ, ಎಷ್ಟು ಸಲ ಅದನ್ನು ಬಾಯಿಪಾಠ ಮಾಡಿಸಿದ್ದೇನೋ. ಅಮೀನರೂ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ, ‘ಪತ್ರದಲ್ಲಿ ನಿಮ್ಮ ಸಹಿ ಇಲ್ಲ ತಾಯಿ. ಕಾನೂನಿನ ಪ್ರಕಾರ ಸಾಲ ಅವರೊಬ್ಬರದೇ. ನಿಮ್ಮ ಮೇಲೆ ಅದು ಬರೋದಿಲ್ಲ, ಹೆದ್ರಬೇಡಿ’ ಎಂದರು.

‘ಎದ್ರಿಕೆ ಏನಿಲ್ಲ ನಂಗೆ’ ಎಂದರು ಅಮ್ಮ. ‘ಒಂದ್ನ ನಂದು ಅಂದ್ಬುಟ್ಟು ಇನ್ನೊಂದ್ನ ಅವರ್ದು ಅನ್ನಕ್ಕೆ ನಂಗೆ ಬಾಯಿ ಬರಕಿಲ್ಲ. ಕಾನೂನಲ್ಲಿ ಇಲ್ದಿದ್ರೆ ಬುಡಿ ಸ್ವಾಮಿ. ಮನೇಲಿ ಐತೆ.’

ಅಮೀನರು ಮೊದಲನೆಯದನ್ನು ಮಾತ್ರ ಬರೆದುಕೊಂಡರು. ಅಂಗಡಿ ಖಾಲಿಯಾದ ದಿನವೂ ಅಳಲಿಲ್ಲ ಎಂದು ಮಗಳು ಹೇಳಿದ್ದ ಆ ಎತ್ತರದ ಮನುಷ್ಯ, ಅಪರಿಚಿತರ ಎದುರಿಗೆ, ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಅಮ್ಮ ಅವರನ್ನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಹೋಗಿ ನಿಂತರು, ಅಷ್ಟೇ. ನಾನು ಎಂಥ ಗಟ್ಟಿಗಿತ್ತಿ ಎಂದು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅವತ್ತು ಅವರಲ್ಲೊಬ್ಬಳ ಮುಂದೆಯೇ ನಾನೂ ಅತ್ತೆ.